ಬೆಟ್ಟದಲ್ಲಿ ನೀರು ಕುಡಿಯದವಳು

ನಮ್ಮ ಕಡೆ ಹೆಣ್ಣುಮಕ್ಕಳು ಮನೆಯಿಂದ ಹೊರಟರೆ ಮೊದಲು ಬಿಡುವುದು ನೀರು. ಬಸ್ಸಿಗೆ ಹೋದರೂ ಅಷ್ಟೇ, ಮದುವೆಗೆ ಹೋದರೂ ಅಷ್ಟೇ. ದಾರಿಯಲ್ಲಿ ಒಂದಕ್ಕೆ ಎಲ್ಲಿ ಹೋಗಬೇಕು? ಅದಕ್ಕೇ ಗಂಟಲು ಒಣಗಿದರೂ ಸುಮ್ಮನಿರುತ್ತೇವೆ.

ನಾನೂ ಹಾಗೇ ಬೆಳೆದವಳು. ಹೆಸರು ಪ್ರಿಯದರ್ಶಿನಿ, ಊರು ಇಳಕಲ್, ಮನೆಯಲ್ಲಿ ಮಗ್ಗ. ವಿದ್ಯಾಗಿರಿಯ ಕಾಲೇಜಿನಲ್ಲಿ ಓದುತ್ತ ಅಲ್ಲಿನ ಬೆಟ್ಟ ಹತ್ತುವ ಕ್ಲಬ್ಬಿಗೆ ಸೇರಿದೆ. ಬೇಸಿಗೆಯಲ್ಲಿ ನಾವು ಹತ್ತುವ ಬಾದಾಮಿಯ ಬಂಡೆ ಮುಟ್ಟಿದರೆ ಕೈ ಸುಡುತ್ತದೆ. ಹಾಗಾಗಿ ಚಳಿಗಾಲದ ಭಾನುವಾರಗಳೇ ನಮ್ಮ ಸುಗ್ಗಿ.

ಬಂಡೆ ಹತ್ತುವಾಗ ಒಬ್ಬರ ಜೀವ ಇನ್ನೊಬ್ಬರ ಕೈಯಲ್ಲಿ. ಹತ್ತುವವರ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಕೆಳಗಿನವರು ಬಿಗಿಯಾಗಿ ಹಿಡಿದಿರಬೇಕು. ಆ ದಿನ ಮೇಲೆ ನನ್ನ ಗೆಳತಿ ಶ್ರುತಿ, ಕೆಳಗೆ ನಾನು. ಬೆಳಗಿನಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ. ಸುತ್ತ ಗಂಡಸರು, ಎಲ್ಲೂ ಮರೆಯಿಲ್ಲ. ಈ ಚಳಿಯಲ್ಲಿ ನೀರು ಯಾಕೆ ಬೇಕು ಎಂದುಕೊಂಡಿದ್ದೆ. ಇದ್ದಕ್ಕಿದ್ದಂತೆ ಕಣ್ಣಿಗೆ ಕತ್ತಲೆ ಕವಿದು ಕೈ ಸಡಿಲಾಯಿತು. ಶ್ರುತಿ ಜಾರಿದಳು. ಹಿಂದೆ ನಿಂತಿದ್ದ ನಮ್ಮ ಮುಂದಾಳು ಹುಚ್ಚೇಶಣ್ಣ ಹಗ್ಗ ಜಗ್ಗಿ ಹಿಡಿದದ್ದಕ್ಕೆ ಅವಳು ಉಳಿದಳು. ಮೊಣಕಾಲು ಮಾತ್ರ ತರಚಿ ರಕ್ತ ಬಂತು.

ನನಗೆ ಎಚ್ಚರವಾದಾಗ ನೀರು ಕುಡಿದಿದ್ದೆಯಾ ಎಂದು ಹುಚ್ಚೇಶಣ್ಣ ಕೇಳಿದರು. ಹೂಂ, ಕುಡಿದೇನ್ರಿ ಎಂದೆ. ನಮ್ಮ ಜೊತೆ ಬರುತ್ತಿದ್ದ ನರ್ಸ್ ಆರಿಫಾ ಅಕ್ಕ ನನ್ನ ಬಾಟಲಿ ಎತ್ತಿ ನೋಡಿದರು. ತುಂಬಿದ್ದು ತುಂಬಿದ ಹಾಗೇ ಇತ್ತು. ಭೂಮಿ ಬಾಯಿ ಬಿಟ್ಟಿದ್ದರೆ ಒಳಗೆ ಹೋಗಿಬಿಡುತ್ತಿದ್ದೆ. ಶ್ರುತಿಯ ಮುಖವನ್ನಂತೂ ನೋಡಲಾಗಲಿಲ್ಲ.

ಅಕ್ಕ ನನ್ನನ್ನು ಬದಿಗೆ ಕರೆದು ವಿಚಾರಿಸಿದರು. ಇದ್ದದ್ದು ಇದ್ದಂತೆ ಹೇಳಿದೆ.

“ಒಂದಕ್ಕ ಹೋಗಬೇಕಂತ ಹೇಳಾಕ ನಾಚಿಕಿ. ಆಕಿ ಜೀವ ಹೋಗಿದ್ರ?” ಎಂದರು.

ಆಗ ಶ್ರುತಿ ಹತ್ತಿರ ಬಂದು, ತಾನೂ ಕುಡಿದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಹುಚ್ಚೇಶಣ್ಣ ತಲೆ ತಗ್ಗಿಸಿದರು. ಪ್ರತಿ ಸಲ ಹಗ್ಗ, ಹೆಲ್ಮೆಟ್ ನೋಡುತ್ತಿದ್ದವರು ಹತ್ತುವ ಮೊದಲು ಇದನ್ನು ಎಂದೂ ಕೇಳಿರಲಿಲ್ಲ.

ಮರುದಿನ ನನಗೆ ಉರಿಮೂತ್ರ, ಜ್ವರ. ಆರಿಫಾ ಅಕ್ಕ ದವಾಖಾನೆಗೆ ಕರೆದೊಯ್ದು, ಔಷಧಿ ಕೊಡಿಸಿ ಇಳಕಲ್ಲಿಗೆ ಬಿಟ್ಟರು. ನೀರು ಕುಡಿಯದ್ದಕ್ಕೇ ಹೀಗಾಯಿತು ಎಂದರೆ ನನ್ನವ್ವ ದುರ್ಗವ್ವ ನಂಬುವವಳಲ್ಲ.

“ಹೆಣ್ಮಕ್ಕಳು ತಡಕೋಬೇಕವ್ವಾ. ನಾ ಮಗ್ಗಕ್ಕ ಕುಂತ್ರ ಮಧ್ಯಾಹ್ನದ ತನಕ ಏಳಾಂಗಿಲ್ಲ. ನನಗೇನಾಗೈತಿ?”

ಅಕ್ಕ ಸಮಾಧಾನದಿಂದ ತಿಳಿಸಿದರು. ಚಳಿಯಲ್ಲಿ ನೀರಡಿಕೆ ಗೊತ್ತಾಗುವುದಿಲ್ಲ, ಆದರೂ ಮೈಯೊಳಗಿನ ನೀರು ಕಡಿಮೆಯಾಗುತ್ತದೆ. ನೀರು ಕುಡಿಯದೆ, ಮೂತ್ರ ತಡೆದುಕೊಂಡರೆ ಸೋಂಕು ಹಿಡಿಯಬಹುದು, ಮೂತ್ರಪಿಂಡಕ್ಕೂ ಏರಬಹುದು. ಆಮೇಲೆ ಮೆಲ್ಲಗೆ ಕೇಳಿದರು:

“ಯವ್ವಾ, ಖರೆ ಹೇಳ್ರಿ. ನಿಮಗೂ ಉರಿ ಆಗ್ತೈತೇನು?”

ಅವ್ವ ದನಿ ತಗ್ಗಿಸಿದಳು. “ಭಾಳ ವರ್ಷ ಆತು. ಯಾರ ಮುಂದ ಹೇಳ್ಲಿ?”

ಚಿಕ್ಕಂದಿನಿಂದ ಅವಳ ಜೊತೆ ಒಂದೇ ಕೋಣೆಯಲ್ಲಿ ಮಲಗಿ ಬೆಳೆದ ಮಗಳು ನಾನು, ಒಂದು ದಿನವೂ ಕೇಳಿರಲಿಲ್ಲ. ಬೆಟ್ಟದ ಮೇಲಿನ ನಾಚಿಕೆಗಿಂತ ಇದು ಹೆಚ್ಚು ಸುಟ್ಟಿತು.

ಅವ್ವ ಮರುದಿನವೇ ದವಾಖಾನೆಗೆ ಬಂದಳು. ಈಗ ಮಗ್ಗದ ಪಕ್ಕ ಅವಳ ಕುಡಿಯುವ ನೀರಿನ ತಂಬಿಗೆ ಇರುತ್ತದೆ. ಕ್ಲಬ್ಬಿಗೆಂದು ತನ್ನದೊಂದು ಹಳೇ ಇಳಕಲ್ ಸೀರೆಯನ್ನೂ ಕೊಟ್ಟಳು. ಇಬ್ಬರು ಅದರ ಎರಡು ತುದಿ ಹಿಡಿದು ನಿಂತರೆ ಮೂರನೆಯವಳಿಗೆ ಮರೆ. ಗುಹೆ, ನೀರಿನ ಹೊಂಡ ಹೊಲಸಾಗದಂತೆ ಅವುಗಳಿಂದ ದೂರ ಹೋಗುತ್ತೇವೆ. ಗಂಡಸರು ತಾವಾಗಿಯೇ ಆಚೆ ಸರಿಯುತ್ತಾರೆ.

ಶ್ರುತಿ ಮತ್ತೆ ನನ್ನ ಕೈಗೇ ಹಗ್ಗ ಕೊಟ್ಟಳು. ಆದರೆ ನಾನು ತನ್ನ ಎದುರಿಗೇ ನೀರು ಕುಡಿಯುವವರೆಗೆ ಅವಳು ಬಂಡೆ ಮುಟ್ಟಲಿಲ್ಲ. ಅವಳದು ತಪ್ಪಲ್ಲ.

ಅಕ್ಕತಂಗಿಯರೇ, ಹೊಲ, ಮಗ್ಗ, ಬಸ್ಸು, ಬೆಟ್ಟ ಎಲ್ಲೇ ಇರಲಿ, ಸ್ವಲ್ಪ ಸ್ವಲ್ಪ ನೀರು ಕುಡಿಯುತ್ತಿರಿ. ಮೂತ್ರ ತಡೆಯಬೇಡಿ. ಉರಿ, ಜ್ವರ ಬಂದರೆ ಮುಚ್ಚಿಡದೆ ದವಾಖಾನೆಗೆ ಹೋಗಿ. ಅಣ್ಣತಮ್ಮಂದಿರೇ, ಹೆಣ್ಣುಮಕ್ಕಳನ್ನು ಕೆಲಸಕ್ಕೆ, ಪ್ರವಾಸಕ್ಕೆ ಕರೆಯುವ ಮೊದಲು ಒಂದು ಮರೆ ಮಾಡಿಕೊಡಿ. ನಿಮ್ಮವ್ವ ಬೆಳಗಿನಿಂದ ನೀರು ಕುಡಿದಿದ್ದಾಳೆಯೇ? ಈಗಲೇ ಎದ್ದು ಹೋಗಿ ಕೇಳಿ.