ಹಿಡಿದು ಬಚ್ಚಿಟ್ಟ ತಪ್ಪು

ಸೊರಬದಲ್ಲಿ ಬಸ್ಸು ಹತ್ತುವಾಗಲೇ ತ್ರಿವೇಣಿ ಬೈಯಬೇಕಾದ ಮಾತನ್ನೆಲ್ಲ ಜೋಡಿಸಿಕೊಂಡಿದ್ದಳು. ಶಿಕಾರಿಪುರದಲ್ಲಿ ಇಳಿಯುವಷ್ಟರಲ್ಲಿ ಅದು ಇಮ್ಮಡಿಯಾಗಿತ್ತು. ಜೊತೆಗೆ ಊರಿನ ರೈತ ಹೆಂಗಸು ದ್ಯಾಮಮ್ಮ, ಗದ್ದೆಯ ಪಹಣಿಯನ್ನು ಸೆರಗಿನಲ್ಲಿ ಸುತ್ತಿಕೊಂಡು.

ತ್ರಿವೇಣಿ ನೀರು ಬಳಕೆದಾರರ ಸಂಘದ ಕಂಪ್ಯೂಟರಿನಲ್ಲಿ ನಾಲೆಯ ಸರದಿಗೆ ರೈತರ ಹೆಸರು ಸೇರಿಸುವವಳು. ದ್ಯಾಮಮ್ಮನ ಹೆಸರನ್ನು ಎರಡು ಸಲ ಸೇರಿಸಿದ್ದಳು. ಎರಡು ಸಲವೂ ‘ದಾಖಲಾಗಿದೆ’ ಎಂದು ಹಸಿರಕ್ಷರ ಬಂದಿತ್ತು. ಸರದಿಯಂತೆ ನೀರು ಬಿಡುವ ನೀರುಗಂಟಿ ಉಚ್ಚಂಗಪ್ಪನ ಮೊಬೈಲಿಗೆ ಬರುವ ಪಟ್ಟಿಯಲ್ಲಿ ಮಾತ್ರ ಹೆಸರಿಲ್ಲ. ಅಂಬ್ಲಿಗೊಳ ಜಲಾಶಯದ ನೀರು ದ್ಯಾಮಮ್ಮನ ಗದ್ದೆಯ ಪಕ್ಕದಲ್ಲೇ ಹರಿದುಹೋಯಿತು. ಭತ್ತ ಹಳದಿಗೆ ತಿರುಗಿದೆ, ನಾಳೆಯ ಸರದಿಯೂ ತಪ್ಪಿದರೆ ಮುಗಿಯಿತು.

“ನನ್ ಹೆಸ್ರು ಅಳ್ಸು ಅಂತ ಯಾರು ಹೇಳ್ಕೊಟ್ರವ್ವ?” ಎಂದು ಹತ್ತು ಜನರೆದುರು ದ್ಯಾಮಮ್ಮ ಕೇಳಿದ್ದು ತ್ರಿವೇಣಿಗೆ ಇನ್ನೂ ಉರಿಯುತ್ತಿತ್ತು. ಅದಕ್ಕೇ ಅವಳನ್ನೂ ಹೊರಡಿಸಿದ್ದಳು.

ಸಂಘಕ್ಕೆ ಪ್ರೋಗ್ರಾಂ ಬರೆದುಕೊಟ್ಟ ಸಿದ್ಧಲಿಂಗೇಶ್ ತನ್ನ ಕಂಪ್ಯೂಟರ್ ಅಂಗಡಿಯಲ್ಲೇ ಇದ್ದ. “ಬರ್ರೀ ಮೇಡಂ, ಚಾ ತರಸ್ಲಾ?”

“ಚಾ ಆಮೇಲೆ. ಇವ್ರ ಹೆಸ್ರು ಎಲ್ಲಿಗೆ ಹೋಯ್ತು ತೋರ್ಸಿ.”

ಅವನು ಜಾವಾ ಭಾಷೆಯಲ್ಲಿ ಬರೆದ ತನ್ನ ಪ್ರೋಗ್ರಾಂ ತೆರೆದ. ರೈತರ ವಿವರ ಹಿಡಿಯುವ ‘ರೈತ’ ಎಂಬ ಕ್ಲಾಸು. ಅದರೊಳಗೆ ಸರ್ವೆ ನಂಬರು ಓದುವ ಸಾಲು. ದ್ಯಾಮಮ್ಮನದು ಒಂದೇ ಸರ್ವೆ ನಂಬರಿನಲ್ಲಿ ಪಾಲಾದ ಪೈಕಿ ಜಮೀನು, ೧೧೮/ಪಿ೨. ಅಂಕಿಯನ್ನೇ ಕಾಯುತ್ತಿದ್ದ ಪ್ರೋಗ್ರಾಂ ‘ಪಿ’ ಕಂಡು ಮುಗ್ಗರಿಸಿ ಎರರ್ ಎಸೆದಿತ್ತು. ಎಸೆದದ್ದನ್ನು ಹಿಡಿಯಲು ಕೆಳಗೇ ‘ಕ್ಯಾಚ್’ ಎಂಬ ಸಾಲು ಇತ್ತು. ಅದರ ಆವರಣದೊಳಗೆ ಏನೂ ಇರಲಿಲ್ಲ.

“ಖಾಲಿ ಯಾಕೆ?”

ಅವನು ತಲೆ ಕೆರೆದ. “ಮೊದ್ಲು ಕೆಂಪಕ್ಷರ ತೋರಿಸ್ತಿತ್ರೀ. ದಿನಾ ಹತ್ತು ಫೋನು. ಅದಕ್ಕ ಹಿಡ್ದು ಸುಮ್ನೆ ಬಿಟ್ಟೆ. ಪ್ರೋಗ್ರಾಂ ನಿಲ್ಬಾರ್ದಲ್ರೀ.”

“ಮತ್ತೆ ಹಸಿರಕ್ಷರ?”

“ಅದು ಕ್ಯಾಚ್ ಕೆಳಗೈತಿ. ಏನೇ ಆದ್ರೂ ಬರ್ತೈತಿ.”

“ಏರಿ ಒಡೆದ್ರೆ ಉಚ್ಚಂಗಪ್ಪ ಕೂಗ್ತಾನೆ. ಊರಿನ ನಿದ್ದೆ ಕೆಡುತ್ತೆ ಅಂತ ಅವನ ಬಾಯಿಗೆ ಬಟ್ಟೆ ತುರುಕ್ತೀರೇನ್ರೀ? ತಪ್ಪು ಹಿಡೀರಿ, ಬೇಡ ಅನ್ನಲ್ಲ. ಹಿಡಿದು ಬಚ್ಚಿಟ್ರಲ್ಲ! ಕಳ್ಳಿ ಅನ್ನಿಸ್ಕೊಂಡಿದ್ದು ನಾನು.”

“ನಿನ್ ಫೋನು ಸುಮ್ನಿರ್ಲಿ ಅಂತ ನನ್ ಗದ್ದೆ ಒಣಗ್ಬೇಕೇನಪ್ಪ?” ಎಂದಳು ದ್ಯಾಮಮ್ಮ.

ಸಿದ್ಧಲಿಂಗೇಶ್ ತಲೆತಗ್ಗಿಸಿ ಕುಳಿತು ತಿದ್ದಿದ. ಹಸಿರಿನ ಸಾಲನ್ನು, ಹೆಸರು ನಿಜವಾಗಿ ಸೇರಿದ ಮೇಲಷ್ಟೇ ಬರುವಂತೆ ಮೇಲಕ್ಕೆ ಒಯ್ದ. ಖಾಲಿ ಕ್ಯಾಚಿನೊಳಗೆ ಎಚ್ಚರಿಕೆಯ ಮಾತು ಬರೆದ. ತ್ರಿವೇಣಿ ಅದೇ ನಂಬರು ಒತ್ತಿದಳು. ‘ಸರ್ವೆ ನಂಬರು ಓದಲಾಗಲಿಲ್ಲ. ಹೆಸರು ಸೇರಿಲ್ಲ’ ಎಂದು ಕೆಂಪಾಗಿ ಬಂತು.

“ಇವತ್ತು ನಿಜ ಹೇಳ್ತು ಮುಂಡೇದು,” ಎಂದಳು ದ್ಯಾಮಮ್ಮ.

ಆಮೇಲೆ ಅವನು ‘ಪಿ’ಯನ್ನೂ ಓದುವಂತೆ ಮಾಡಿದ. ಹಸಿರು ಬಂತು. ತ್ರಿವೇಣಿ ಹಸಿರನ್ನು ನಂಬಲಿಲ್ಲ. ಉಚ್ಚಂಗಪ್ಪನಿಗೆ ಫೋನು ಮಾಡಿ ಮೊಬೈಲಿನ ಪಟ್ಟಿ ಓದಿಸಿದಳು. ಏಳನೆಯ ಹೆಸರು ದ್ಯಾಮಮ್ಮ, ನಾಳೆ ಬೆಳಿಗ್ಗೆ.

ದ್ಯಾಮಮ್ಮ ಪಹಣಿ ಮಡಚಿದಳು. “ಅವತ್ತು ಅಂದಿದ್ದು ಹತ್ತು ಜನದ ಮುಂದೆ. ತಪ್ಪಾತು ಅಂತನೂ ಅವ್ರ ಮುಂದೇ ಹೇಳ್ತೀನಿ, ಬಿಡವ್ವ.”

ತ್ರಿವೇಣಿ ಕುರ್ಚಿ ಎಳೆದುಕೊಂಡಳು. “ಈಗ ತರ್ಸಿ ಚಾ.”