ಎಲೆ ಹಾರಿಹೋದ ಬೋಗುಣಿ

ಅನಂತನ ವಿಷಯ ಒಂದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಯಾರೂ ನನ್ನ ಮೇಲೆ ಹರಿಹಾಯಬಾರದು. ನರಗುಂದದಲ್ಲಿ ಕಾಳಿನ ವ್ಯಾಪಾರ ಮಾಡುವ ಈ ಸಭ್ಯ ಮನುಷ್ಯ, ತತ್ತಿಯ ಹೆಸರೆತ್ತಿದರೂ ಮೂಗು ಮುರಿಯುವ ತಾಯಿಯ ಒಬ್ಬನೇ ಮಗ, ಕಡಲೆ ಖರೀದಿಗೆಂದು ಗಜೇಂದ್ರಗಡಕ್ಕೆ ಹೋದಾಗಲೆಲ್ಲ ಗೌಸುಸಾಬನ ಖಾನಾವಳಿ ಹೊಕ್ಕು ಹೊಟ್ಟೆ ತುಂಬ ಕೊಚ್ಚಿದ ಮಾಂಸದ ಖೀಮಾ ಕಬಾಬು ತಿಂದು ಬರುತ್ತಿದ್ದ. ವಾಪಸು ಬಸ್ಸಿನಲ್ಲಿ ಯಾಲಕ್ಕಿ ಅಗಿಯುತ್ತಿದ್ದ. ಮನೆಗೆ ಬಂದು ಕೈಕಾಲು ತೊಳೆದು, ಏನೂ ಆಗಿಲ್ಲವೆಂಬಂತೆ ತಾಯಿಯ ಪಕ್ಕ ಊಟಕ್ಕೆ ಕೂಡುತ್ತಿದ್ದ. ಎಂಥ ಧೈರ್ಯ ನೋಡಿ!

ಇದು ಊರಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಪಕ್ಕದ ಮನೆಯ ಮೈಮುನಬಿಗೆ. ಗೌಸುಸಾಬ ಅವಳ ಸ್ವಂತ ತಮ್ಮ. ಒಮ್ಮೆ ತವರಿಗೆ ಹೋದವಳು ಖಾನಾವಳಿಯ ಬಾಗಿಲಿಗೆ ಬಂದಾಗ, ಅನಂತ ಬಾಯಿ ತುಂಬಿಕೊಂಡು ಕೂತಿದ್ದ. ಕಣ್ಣಿಗೆ ಕಣ್ಣು ಬಿತ್ತು. ಮೈಮುನಬಿ ಸೆರಗು ಮುಂದಕ್ಕೆಳೆದುಕೊಂಡು, ಯಾರನ್ನೂ ಕಾಣದವಳಂತೆ ಹೊರಳಿ ಹೋಗಿಬಿಟ್ಟಳು. ಅಂದಿನಿಂದ ಇಂದಿನವರೆಗೆ ಆ ಬಗ್ಗೆ ಒಂದು ಮಾತಿಲ್ಲ, ಒಂದು ನಗೆಯಿಲ್ಲ. ಅನಂತನಿಗೆ ಆ ಹೆಂಗಸಿನ ಎದುರು ತಲೆಯೆತ್ತಲು ನಾಚಿಕೆ.

ಅವನ ತಾಯಿ ಭೀಮಾಬಾಯಿಗೂ ಮೈಮುನಬಿಗೂ ಹರೆಯದಿಂದ ಗೆಳೆತನ. ರಮಜಾನ್ ಹಬ್ಬಕ್ಕೆ ಭೀಮಾಬಾಯಿಯ ಮನೆಯ ಬೋಗುಣಿಯೇ ಆ ಮನೆಗೆ ಹೋಗುವುದು. ಮೈಮುನಬಿ ಮಿಂದು, ಅಂಗಳದಲ್ಲಿ ಬೇರೆ ಒಲೆ ಹೂಡಿ, ಅದರಲ್ಲೇ ಹಾಲು ಶ್ಯಾವಿಗೆಯ ಸುರಕುಂಬಾ ಕಾಸಿ, ಮೇಲೆ ಮುತ್ತಲದ ಪತ್ರಾವಳಿ ಮುಚ್ಚಿ ಕಳಿಸುವಳು. ಉಳಿದ ಮನೆಗಳಿಗೆ ಹೋಗುವ ಮಾಂಸದ ಪಾತ್ರೆಗಳಿಗೆ ಬಟ್ಟೆಯ ಮುಚ್ಚಳ. ಎಲೆ ಕಂಡರೆ ಸಾಕು, ಭೀಮಾಬಾಯಿ ಏನನ್ನೂ ಕೇಳದೆ ಊಟಕ್ಕೆ ಕೂಡುವಳು.

ಆ ವರ್ಷ ಭೀಮಾಬಾಯಿ ಜ್ವರ ಬಂದು ಮಲಗಿ ಎದ್ದಿದ್ದಳು. ದವಾಖಾನೆಯ ಡಾಕ್ಟರು ಮೈಯಲ್ಲಿ ಶಕ್ತಿಯಿಲ್ಲ, ಸೋಯಾ ತಿನ್ನಿರಿ ಎಂದಿದ್ದರು. ಸೊಸೆ ಪ್ರಣೀತಾ ಅಂಗಡಿಯಿಂದ ಆ ಒಣ ಉಂಡೆಗಳನ್ನು ತಂದು ಪಲ್ಯ ಮಾಡಿದಳು. ಭೀಮಾಬಾಯಿ ಒಂದು ತುತ್ತು ತಿಂದು, "ಒದ್ದಿ ಅರಿವಿ ಅಗದಂಗ ಆಗತದ" ಎಂದು ತಾಟು ಸರಿಸಿದಳು. ಮೈಮುನಬಿ ಕೇಳಿ ನಕ್ಕಳು. "ಅಕ್ಕಾ, ಹಬ್ಬದ ದಿನ ನಾ ಮಾಡಿ ಕಳಸ್ತೀನಿ. ನಮ್ಮ ಕಬಾಬಿನ ಮಸಾಲಿ ಹಾಕಿ ಮಾಡ್ತೀನಿ. ತಿಂದು ನೋಡ್ರಿ, ಆಮ್ಯಾಲ ಮಾತಾಡ್ರಿ!"

ಹಬ್ಬದ ಮಧ್ಯಾಹ್ನ ಬೋಗುಣಿ ಬಂತು. ತಂದವಳು ಮೈಮುನಬಿಯ ಹೊಸ ಸೊಸೆ ಜಬೀನ, ಮುಶಿಗೇರಿಯ ಹುಡುಗಿ. ಇಟ್ಟು ನಾಚಿಕೊಂಡು ಓಡಿಹೋದಳು. ಅಂದು ಕೊಣ್ಣೂರಿನಿಂದ ಅನಂತನ ಕಾಕಾ ಮುಕುಂದನೂ ಬಂದಿದ್ದ. ಮನೆತನದ ಹಿರಿಯ, ಮೂಗಿನ ತುದಿಯಲ್ಲೇ ಸಿಟ್ಟು. ಪಕ್ಕದ ಮನೆಯೊಂದಿಗೆ ಈ ಕೊಡುವುದು ಕೊಳ್ಳುವುದು ಅವನಿಗೆ ಮೊದಲಿನಿಂದಲೂ ಸೇರುತ್ತಿರಲಿಲ್ಲ.

ಪ್ರಣೀತಾ ಅವಸರದಲ್ಲಿ ಮುಚ್ಚಿದ್ದನ್ನು ಸರಿಸಿ ಅತ್ತೆಯ ತಾಟಿಗೆ ಬಡಿಸಿದಳು. ಭೀಮಾಬಾಯಿ ಒಂದು ಕಬಾಬು ತಿಂದು ಮುಗಿಸಿದಳು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ಕಳೆ ಬಂತು. "ನೋಡ ಪ್ರಣೀತಾ, ಸೋಯಾ ಅಂದ್ರ ಹಿಂಗ ಮಾಡಬೇಕು" ಎಂದು ಇನ್ನೊಂದನ್ನು ಅರ್ಧ ಕಚ್ಚಿದಳು. ಆಗ ಮುಕುಂದ ಕೂತಲ್ಲಿಂದ ಎದ್ದ.

"ವೈನಿ, ನಿಲ್ಲು. ಆ ಬೋಗುಣಿ ಮ್ಯಾಲಿನ ಎಲಿ ಎಲ್ಲಿ?"

ಎಲ್ಲರೂ ನೋಡಿದರು. ಬೋಗುಣಿಯ ಪಕ್ಕದಲ್ಲಿ ಬಿದ್ದಿದ್ದು ಎಲೆಯಲ್ಲ, ಹಸಿರು ಅಂಚಿನ ಬಟ್ಟೆ. ಭೀಮಾಬಾಯಿಯ ಬಾಯಿ ಅಲ್ಲಿಗೇ ನಿಂತಿತು. ಅಗಿಯಲಿಲ್ಲ, ನುಂಗಲಿಲ್ಲ, ಉಗುಳಲೂ ಇಲ್ಲ. ಅರ್ಧ ಕಬಾಬು ಕೈಯಲ್ಲಿತ್ತು.

ಮುಕುಂದನ ಕೂಗಿಗೆ ಮೈಮುನಬಿ ಹಿಟ್ಟಿನ ಕೈಯಲ್ಲೇ ಓಡಿಬಂದಳು, ಹಿಂದೆ ಜಬೀನ. ಬಟ್ಟೆ ನೋಡಿದ್ದೇ ಮೈಮುನಬಿಯ ಮುಖದ ಬಣ್ಣ ಹೋಯಿತು. ಜಬೀನ ಅಳುತ್ತಾ ಹೇಳಿದಳು: ಅಂಗಳದಲ್ಲಿ ಗಾಳಿ ಬೀಸಿ ಎಲೆ ಹಾರಿಹೋಯಿತು, ಮುಚ್ಚದೆ ಒಯ್ಯಬಾರದೆಂದು ಒಳಗಿನ ಪಾತ್ರೆಯ ಮೇಲಿನ ಬಟ್ಟೆ ತೆಗೆದು ಮುಚ್ಚಿದೆ, ಎಲೆಗೂ ಬಟ್ಟೆಗೂ ಫರಕು ಇದೆಯೆಂದು ತನಗೆ ಯಾರೂ ಹೇಳಿರಲಿಲ್ಲ.

"ಆ ಒಳಗಿನ ಪಾತ್ರಿಯೊಳಗ ಏನಿತ್ತು?" ಎಂದು ಕೇಳಿದ ಮುಕುಂದ.

"ಖೀಮಾ ಕಬಾಬರಿ."

"ನೋಡ್ರಿ! ಎರಡೂ ಒಂದಽ ಬಣ್ಣ, ಒಂದಽ ಆಕಾರ, ಒಂದಽ ವಾಸನಿ. ಯಾವುದು ಯಾವ ಪಾತ್ರಿಗೆ ಬಿತ್ತು, ಯಾರಿಗೆ ಗೊತ್ತು?"

"ಅಣ್ಣಾರ, ನನ್ನ ಕೈಯಾರ ತುಂಬೀನ್ರಿ" ಎಂದಳು ಮೈಮುನಬಿ. "ಬೇಕಾದ್ರ ಸೋಯಾದ ಖಾಲಿ ಚೀಲ ತೋರಸ್ತೀನಿ. ಈಗಽ ತಿಂದು ಹೇಳ್ತೀನಿ."

"ನೀ ಹೇಳಿದ್ರ ನಂಬಬೇಕೇನು? ಚೀಲ ಯಾರ ಬೇಕಾದ್ರೂ ತೋರಸ್ತಾರ! ವೈನಿ, ನೀ ಹೇಳು, ಇದು ಏನು?"

ಭೀಮಾಬಾಯಿ ಏನು ಹೇಳಿಯಾಳು, ಪಾಪ! ಹುಟ್ಟಿದಾಗಿನಿಂದ ಮಾಂಸ ಮುಟ್ಟದವಳಿಗೆ ಬಾಯಲ್ಲಿದ್ದುದು ಮಾಂಸವೋ ಅಲ್ಲವೋ ತಿಳಿಯುವುದಾದರೂ ಹೇಗೆ? ಅವಳು ಗೆಳತಿಯನ್ನೇ ನೋಡಿದಳು. ಆ ನೋಟದಲ್ಲಿ ಮೊದಲ ಸಲ ಅನುಮಾನ ಸುಳಿದದ್ದನ್ನು ಮೈಮುನಬಿಯೂ ಕಂಡಳು, ಅನಂತನೂ ಕಂಡ. ಇಷ್ಟು ವರ್ಷದ ಗೆಳೆತನ ಅಲ್ಲೇ ಹೊಸ್ತಿಲಲ್ಲಿ ಮುರಿದು ಬೀಳುವಂತಿತ್ತು.

"ಓಣಿ ಮಂದೀನ ಕರೀತೀನಿ. ಹಿರ್ಯಾರಿಗೆ ತಿನ್ನಬಾರದ್ದು ತಿನಿಸಿ ನಗಾಕ ಹತ್ಯಾರ ಅಂತ ಎಲ್ಲಾರಿಗೂ ಗೊತ್ತಾಗಲಿ!" ಮುಕುಂದ ಬೋಗುಣಿಗೆ ಕೈಹಾಕಿದ, ಬೀದಿಗೆ ಸುರಿಯಲು. ಹೊರಗೆ ಆಗಲೇ ಒಂದಿಬ್ಬರು ಇಣುಕುತ್ತಿದ್ದರು. ಹಬ್ಬದ ದಿನ, ಒಂದು ಮಾತು ಹೊರಬಿದ್ದರೆ ಓಣಿಯಲ್ಲಿ ಏನಾಗುತ್ತದೋ ಎಂದು ಅನಂತ ಬಾಗಿಲ ಕಡೆ ನೋಡಿದ.

ಮೈಮುನಬಿ ಒಂದು ಮಾತು ಆಡಿದ್ದರೆ ಸಾಕಿತ್ತು. ನಿಮ್ಮ ಅನಂತನಿಗೆ ಕೊಡ್ರಿ, ಅವನಿಗೆ ಗೊತ್ತಾಗುತ್ತದೆ, ಅಂದರೆ ಮುಗಿಯುತ್ತಿತ್ತು. ಆಡಲಿಲ್ಲ. ಅವನ ಕಡೆ ಕಣ್ಣು ಸಹ ಹಾಯಿಸಲಿಲ್ಲ. ನೆಲ ನೋಡುತ್ತ, ಹಿಟ್ಟಿನ ಕೈಗಳನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಳು. ಅದೇ ಅನಂತನನ್ನು ಕೊಂದಿತು. ಬಾಯಿಬಿಟ್ಟರೆ ತಾಯಿಯ ಕಣ್ಣಲ್ಲಿ ತಾನು ಹೋದಂತೆ. ಸುಮ್ಮನಿದ್ದರೆ ಆ ಹೆಂಗಸು ಹೋದಂತೆ. ಅದಕ್ಕಿಂತ ಹೆಚ್ಚಿನ ಭಯ ಇನ್ನೊಂದಿತ್ತು: ಅದು ಖರೇನೇ ಖೀಮಾ ಆಗಿದ್ದರೆ?

ಅನಂತ ಮುಂದೆ ಬಂದು ಕಾಕಾನ ಕೈಯಲ್ಲಿನ ಬೋಗುಣಿಯಿಂದ ಒಂದು ಕಬಾಬು ತೆಗೆದು ಬಾಯಿಗೆ ಹಾಕಿಕೊಂಡ.

"ಏಯ್ ಹುಚ್ಚಾ!" ಎಂದ ಮುಕುಂದ.

ಅನಂತ ಕಣ್ಣು ಮುಚ್ಚಿ ಅಗಿದ. ಮೊದಲು ಬಂದದ್ದು ಮಸಾಲೆ, ಗೌಸುಸಾಬನದೇ ಮಸಾಲೆ, ಲವಂಗ, ಪುದೀನ, ಹುರಿದ ಕಡಲೆಹಿಟ್ಟು. ಖೀಮಾನೇ ಅನ್ನಿಸಿತು. ಇನ್ನೊಮ್ಮೆ ಅಗಿದ. ಹಲ್ಲಿನ ನಡುವೆ ಅದು ಪುಟಿಯಿತು. ಮತ್ತೆ ಅಗಿದ, ನುಂಗಿದ, ನಾಲಗೆಯನ್ನು ಅಂಗುಳಕ್ಕೆ ಒತ್ತಿ ಕಾದ. ಏನೂ ಅಂಟಿರಲಿಲ್ಲ. ಕೊನೆಗೆ ಉಳಿದದ್ದು ಅವನು ದಿನವೂ ಅಂಗಡಿಯಲ್ಲಿ ಮೂಸುವ ಹಸಿ ಕಾಳಿನ ವಾಸನೆ.

"ಇದು ಸೋಯಾ. ಮಾಂಸ ಅಲ್ಲ" ಎಂದ.

"ನಿನಗ ಹ್ಯಾಂಗ ಗೊತ್ತು?"

"ನಾ ಖೀಮಾ ತಿಂದೀನಿ ಕಾಕಾ. ಅದಕ್ಕ ಗೊತ್ತು."

ಆಗ ಕೂಗಿದವಳು ಮೈಮುನಬಿ! "ಸುಳ್ಳರಿ! ಹುಡುಗ ನನ್ನ ಉಳಸಾಕ ಸುಳ್ಳ ಹೇಳಾಕತ್ತಾನ. ಅಂವ ಎಂದೂ ಮುಟ್ಟಿಲ್ಲ, ಅಲ್ಲಾನ ಆಣಿ..." ಹಬ್ಬದ ದಿನ ಸುಳ್ಳಾಣೆ ಹಾಕಲು ಬಾಯಿ ಬರಲಿಲ್ಲ.

"ಕೇಳಿದ್ಯಾ? ಮುಟ್ಟಿಲ್ಲಾಂದ್ರ ಇವನ ಮಾತಿಗೆ ಏನು ಕಿಮ್ಮತ್ತು?" ಎಂದ ಮುಕುಂದ.

"ಮೌಶಿ, ಸಾಕು" ಎಂದ ಅನಂತ ಮೈಮುನಬಿಗೆ. ಈಗ ತಾಯಿಯ ಕಡೆಗೇ ತಿರುಗಿದ. "ಗಜೇಂದ್ರಗಡದಾಗ ತಿಂತೀನವ್ವಾ. ಒಮ್ಮೆ ಅಲ್ಲ, ವರ್ಷಾನುಗಟ್ಟಲೆ. ಖೀಮಾ ಬಾಯಾಗ ಒಡದು ಉದುರತದ. ಇದು ಉದುರೂದಿಲ್ಲ, ಹಲ್ಲಿಗೆ ಪುಟೀತದ. ಅದರ ಜಿಡ್ಡು ಅಂಗುಳಕ್ಕ ಅಂಟಿ ಕೂಡತದ, ಬಿಸಿ ಚಾ ಕುಡಿಯೂತನಕ ಹೋಗೂದಿಲ್ಲ. ಇದರಾಗ ಬರೇ ಎಣ್ಣಿ ಅದ. ಮಸಾಲಿ ಒಂದಽ. ಆದ್ರ ಮಸಾಲಿ ಇಳದ ಮ್ಯಾಲ ಖೀಮಾಕ್ಕ ತನ್ನದಽ ಒಂದು ರುಚಿ ಉಳೀತದ, ಇದಕ್ಕ ಕಾಳಿನ ವಾಸನಿ ಬಿಟ್ರ ಏನೂ ಇಲ್ಲ. ನೀ ಏನೂ ಕೆಟ್ಟದ್ದು ತಿಂದಿಲ್ಲವ್ವಾ."

ತಿನ್ನದವನಿಗೆ ಇಷ್ಟು ಹೇಳಲು ಬರುವುದಿಲ್ಲ. ಮುಕುಂದನಿಗೂ ಅದು ಗೊತ್ತಾಯಿತು. "ಅದಕ್ಕಽ ಯಾಲಕ್ಕಿ" ಎಂದಳು ಪ್ರಣೀತಾ, ತನ್ನಷ್ಟಕ್ಕೆ ತಾನೇ. ಮುಕುಂದ ಬೋಗುಣಿಯನ್ನು ಕುಕ್ಕಿ ಇಟ್ಟು, "ಇನ್ನ ಈ ಮನ್ಯಾಗ ನೀರ ಸುದ್ದಾ ಮುಟ್ಟೂದಿಲ್ಲ" ಎಂದು ಚಪ್ಪಲಿ ಮೆಟ್ಟಿಕೊಂಡು ನಡೆದ. ಬಾಗಿಲಲ್ಲಿ ಇಣುಕುತ್ತಿದ್ದವರೂ ಅವನ ಹಿಂದೆ ಕರಗಿದರು.

ಭೀಮಾಬಾಯಿ ಬಾಯಲ್ಲಿದ್ದುದನ್ನು ನುಂಗಿದಳು. ಕೈಯಲ್ಲಿದ್ದ ಅರ್ಧವನ್ನೂ ನಿಧಾನಕ್ಕೆ ತಿಂದಳು, ಎಲ್ಲರೂ ನೋಡುತ್ತಿದ್ದಂತೆ. ಮಗನ ಮಾತು ಖರೇ ಎಂದು ಒಪ್ಪಿಕೊಂಡಂತೆ ಆಯಿತು ಅದು. ಮೈಮುನಬಿ ಗೋಡೆಗೆ ಒರಗಿ ಕುಸಿದು ಕೂತು ಅತ್ತುಬಿಟ್ಟಳು.

"ಮೈಮುನಾ, ನಿನಗ ಗೊತ್ತಿತ್ತು?"

"ಗೊತ್ತಿತ್ತು ಅಕ್ಕಾ."

ಭೀಮಾಬಾಯಿ ಈಗ ಮಗನನ್ನು ಕೇಳಿದಳು: "ಖರೇದ್ದು ಇದಕ್ಕಿಂತ ಚಲೋ ಇರತದೇನು?"

ಇಲ್ಲ ಅಂದಿದ್ದರೆ ಮೈಮುನಬಿಗೂ ಸಂತೋಷ, ತಾಯಿಗೂ ಸಮಾಧಾನ. ಆದರೆ ಅನಂತನಿಗೆ ಸುಳ್ಳು ಹೇಳಿ ಹೇಳಿ ಸಾಕಾಗಿತ್ತು. "ಇರತದವ್ವಾ" ಎಂದ.

ಭೀಮಾಬಾಯಿಯ ಕಣ್ಣು ತುಂಬಿದವು. ಎದ್ದು ಹೋಗಿ ಕೈ ತೊಳೆದುಕೊಂಡು ಬಂದಳು. ಅಷ್ಟರಲ್ಲಿ ಜಬೀನ ಅಂಗಳದ ಮೂಲೆಯಲ್ಲಿ ಸಿಕ್ಕ ಪತ್ರಾವಳಿಯನ್ನು ಒರೆಸಿ ತಂದು, ಹೆದರುತ್ತ ಹೊಸ್ತಿಲ ಮೇಲಿಟ್ಟಿದ್ದಳು. ಭೀಮಾಬಾಯಿ ಅದನ್ನು ಎತ್ತಿಕೊಂಡಳು. ಬೋಗುಣಿಯ ಮೇಲೆ ಮುಚ್ಚಲಿಲ್ಲ. ಪಡಸಾಲೆಯ ಆ ತುದಿಗೆ, ಎಲ್ಲರ ತಾಟುಗಳಿಂದ ದೂರ, ನೆಲದ ಮೇಲೆ ಹಾಸಿದಳು.

"ಪ್ರಣೀತಾ, ಅನಂತನ ತಾಟು ಎತ್ತಿಡು. ಇನ್ನ ಮ್ಯಾಲ ಅಂವಗ ಇದರಾಗಽ."

ಅನಂತ ಹೋಗಿ ಎಲೆಯ ಮುಂದೆ ಕೂತ. ಭೀಮಾಬಾಯಿ ಬೋಗುಣಿ ತಂದು, ಮುಟ್ಟಿಸಿಕೊಳ್ಳದಂತೆ ಮೇಲಿನಿಂದ, ಅವನ ಎಲೆಗೆ ಎರಡು ಕಬಾಬು ಬಡಿಸಿದಳು.

"ಉಣ್ಣು" ಎಂದಳು.