ಗುರುತಿಲ್ಲದ ಬಟ್ಟೆ

ಗಲ್ಫಿನ ಅಲ್ ಹೈಲ್‌ನಲ್ಲಿ ಪೂವಪ್ಪನಷ್ಟು ಚೆನ್ನಾಗಿ ಬಟ್ಟೆ ಒಗೆಯುವವರು ಇನ್ನೊಬ್ಬರಿರಲಿಲ್ಲ. ಈ ಮಾತನ್ನು ಮೊದಲು ಹೇಳಿದವನೂ ಅವನೇ, ಹೆಚ್ಚು ಸಲ ಹೇಳಿದವನೂ ಅವನೇ. ಆದರೂ ಸುಳ್ಳಲ್ಲ. ಅವನಿಗೆ ವೀಸಾ ಕೊಟ್ಟ ಅರಬ ಧಣಿ, ಕಫೀಲ್ ಅಬ್ದುಲ್ಲಾ ತನ್ನ ಬಿಳಿ ನಿಲುವಂಗಿಯನ್ನು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ.

ಗಿರಾಕಿಗಳ ಬಟ್ಟೆ ಅದಲುಬದಲಾಗದಂತೆ ಪೂವಪ್ಪ ಚೀಟಿ ಸಿಕ್ಕಿಸುತ್ತಿರಲಿಲ್ಲ. ಊರಲ್ಲಿ ಅವನ ಅಪ್ಪ ಕೇರುಬೀಜದ ರಸದಿಂದ ಹಾಕುತ್ತಿದ್ದಂತೆ, ಇವನು ಮಾಸದ ಶಾಯಿಯಿಂದ ಕಾಲರಿನ ಒಳಗೆ ಮನೆಗೊಂದು ಗುರುತು ಹಾಕುತ್ತಿದ್ದ. ಒಬ್ಬರಿಗೆ ಎರಡು ಚುಕ್ಕೆ, ಇನ್ನೊಬ್ಬರಿಗೆ ಅಡ್ಡಗೆರೆ, ಬೀದಿ ಕೊನೆಯ ಆಮಿನಮ್ಮನ ಮನೆಗೆ ಮೀನು. ತನ್ನ ಮನೆಯ ಬಟ್ಟೆಗೆ ಮಾತ್ರ ಗುರುತಿಲ್ಲ. ಒಗೆಯುವವನ ಬಟ್ಟೆಗೆ ಗುರುತು ಯಾಕೆ, ಎಲ್ಲ ಹಂಚಿ ಉಳಿದದ್ದು ನಮ್ಮದು ಎಂದು ಅಪ್ಪ ಹೇಳುತ್ತಿದ್ದರು.

ಇಷ್ಟು ಜಂಬದ ಮನುಷ್ಯ ಒಂದೇ ಒಂದು ವಿಷಯಕ್ಕೆ ಬಾಯಿಗೆ ಬೀಗ ಹಾಕಿಕೊಂಡಿದ್ದ. ತಾವು ಮಡಿವಾಳರು ಎಂದು ಇಲ್ಲಿನ ತುಳುವರಲ್ಲಿ ಯಾರಿಗೂ ಹೇಳಿರಲಿಲ್ಲ. ಯಾವ ಜನ ಎಂದು ಕೇಳಿದರೆ "ಲಾಂಡ್ರಿ ಬಿಸಿನೆಸ್" ಎಂದು ಮಾತು ತಿರುಗಿಸುತ್ತಿದ್ದ. ಇಲ್ಲೇ ಬೆಳೆದ ಮಗಳು ಹರಿಣಾಕ್ಷಿಗೂ ಹೇಳಿರಲಿಲ್ಲ.

೧೯೯೧ರಲ್ಲಿ ಅವಳ ಹತ್ತನೇ ಕ್ಲಾಸಿನ ಪರೀಕ್ಷೆಯ ಫಾರ್ಮು ಬಂತು. ಸರ್‌ನೇಮಿನ ಜಾಗ ಖಾಲಿ ಬಿಡುವಂತಿಲ್ಲ, ಒಮ್ಮೆ ಬರೆದರೆ ಸರ್ಟಿಫಿಕೇಟಿನಲ್ಲಿ ಜನ್ಮವಿಡೀ ಅದೇ ಹೆಸರು ಎಂದು ಟೀಚರ್ ಹೇಳಿದ್ದರು.

"ಕುಮಾರ್ ಅಂತ ಬರೆಯಿರಿ. ಯಾರೂ ಎಂತದೂ ಕೇಳುದಿಲ್ಲ," ಎಂದಳು ಹೆಂಡತಿ ಉಮಾವತಿ.

ಪೂವಪ್ಪನಿಗೆ ಅದು ಬಾಯಲ್ಲಿಟ್ಟ ಬಿಸಿ ತುಪ್ಪವಾಯಿತು. ಯಾರದೋ ಹೆಸರನ್ನು ಮಗಳಿಗೆ ತೊಡಿಸುವುದೆಂದರೆ ಗಿರಾಕಿಯ ಅಂಗಿ ತೊಟ್ಟು ಮದುವೆಗೆ ಹೋದಂತೆ. ಇವತ್ತು, ನಾಳೆ ಎನ್ನುತ್ತಾ ಕೊನೆಯ ದಿನದ ಹಿಂದಿನ ದಿನ ಬಂದೇಬಿಟ್ಟಿತು.

ಆ ಮಧ್ಯಾಹ್ನ ಅವನ ಮುಂದೆ ಇಂಗ್ಲಿಷ್ ಗಿರಾಕಿ ಫುಲ್ಲರ್ ಸಾಹೇಬರ ಉಣ್ಣೆಯ ಕಂಬಳಿಯಿತ್ತು. ಅವರ ಅಜ್ಜಿಯ ಕಾಲದ್ದು, ಮೇಲೆ ಎಣ್ಣೆಯ ಕಲೆ. ಮೆಷಿನ್ನಿಗೆ ಹಾಕಿದರೆ ಕತೆ ಮುಗಿಯಿತು. ಎಲ್ಲ ಮೆಷಿನ್ ವಾಶ್ ಎಂದು ಗೋಡೆಯ ಮೇಲೆ ಬರೆಸಿಕೊಂಡಿದ್ದ ಪೂವಪ್ಪ ಯಾರಿಗೂ ಕಾಣದಂತೆ ಹಿತ್ತಲಲ್ಲಿ ದೊಡ್ಡ ಟಬ್ಬು ಇಟ್ಟು, ಮುಲ್ತಾನಿ ಮಣ್ಣು ಕಲಸಿ, ಲುಂಗಿ ಎತ್ತಿ ಕಟ್ಟಿ ಮೆಲ್ಲಗೆ ತುಳಿಯತೊಡಗಿದ.

ಸಾಹೇಬರು ಒಂದು ಗಂಟೆ ಮೊದಲೇ ಬಂದರು. ಶಾಲೆಯ ವ್ಯಾನಿನಿಂದ ಆಗಷ್ಟೇ ಇಳಿದ ಹರಿಣಾಕ್ಷಿ ಅವರನ್ನು ಸೀದಾ ಹಿತ್ತಲಿಗೇ ಕರೆತಂದಳು. ಮಾನ ಹೋಯಿತು ಎಂದುಕೊಂಡ ಪೂವಪ್ಪ.

ಸಾಹೇಬರು ಕಂಬಳಿಯ ಸುದ್ದಿ ಬಿಟ್ಟು ತಮ್ಮ ಕಾಲರನ್ನು ತಿರುಗಿಸಿ ತೋರಿಸಿದರು. ಹರಿಣಾಕ್ಷಿ ಅವರ ಇಂಗ್ಲಿಷನ್ನು ಅಪ್ಪನಿಗೆ ಬಿಡಿಸಿ ಹೇಳಿದಳು. "ಪಪ್ಪ, ಇದರಲ್ಲಿ ಕಿರೀಟ ಯಾಕೆ ಅಂತ ಕೇಳ್ತಾರೆ."

"ದೊಡ್ಡ ಮನೆತನದ ಹೆಸರಲ್ವಾ! ಬಿಳಿ ದೊರೆಗಳಿಗೆ ಮತ್ತೆ ಮೀನು ಬರೀಲಿಕ್ಕೆ ಆಗ್ತದಾ?"

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಟಬ್ಬಿನೊಳಗಿದ್ದ ಪೂವಪ್ಪನ ಕಾಲುಗಳನ್ನು ತೋರಿಸಿ ಬಹಳ ಹೊತ್ತು ಮಾತಾಡಿದರು. ಹರಿಣಾಕ್ಷಿಯ ಕಣ್ಣು ಅರಳಿತು.

"ಪಪ್ಪ, ಫುಲ್ಲರ್ ಅಂದ್ರೆ ಇದೇ ಕೆಲಸ ಅಂತೆ! ನೇಯ್ದ ಉಣ್ಣೆ ಬಟ್ಟೆಯನ್ನು ತೊಟ್ಟಿಯಲ್ಲಿ ಹಾಕಿ ತುಳಿಯುವವರು. ಜಿಡ್ಡು ಹೋಗಿ ಬಟ್ಟೆ ದಪ್ಪ ಆಗ್ತದಂತೆ. ಮಣ್ಣು ಹಾಕ್ತಿದ್ರಂತೆ, ಹಳಸಿದ ಮೂತ್ರ ಕೂಡ. ಈ ಜಾತಿಯ ಮಣ್ಣಿಗೆ ಅವರಲ್ಲಿ ಈಗಲೂ ಫುಲ್ಲರನ ಮಣ್ಣು ಅಂತಲೇ ಹೇಳುದಂತೆ. ಬೇರೆ ಬೇರೆ ಕಡೆ ವಾಕರ್, ಟಕರ್ ಅಂತ ಇದ್ದಾರಲ್ಲ, ಅವರೂ ಇದೇ ಕೆಲಸದವರಂತೆ. ಆಮೇಲೆ ನೀರಿನ ಮಿಲ್ಲು ಬಂದು ಕಾಲಿನ ಕೆಲಸ ಹೋಯ್ತಂತೆ, ಹೆಸರು ಉಳಿಯಿತಂತೆ."

"ಅವರಿಗೆ ನಾಚಿಕೆ ಆಗುದಿಲ್ವಾ, ಕೇಳು."

ಅವಳು ಕೇಳಿದಳು. ಸಾಹೇಬರ ಉತ್ತರಕ್ಕೆ ಅವಳಿಗೇ ನಗು ಬಂತು. "ಆಗ್ತದಂತೆ. ಇಂಥ ಹೆಸರು ಇಟ್ಟುಕೊಂಡು ಒಂದು ಕರ್ಚೀಫ್ ಒಗೀಲಿಕ್ಕೂ ಬರುದಿಲ್ಲ ಅಂತ! ಪಪ್ಪ, ನಮ್ಮ ಊರಲ್ಲಿ ಈ ಕೆಲಸದವರಿಗೆ ಎಂತ ಹೆಸರು ಅಂತ ಕೇಳ್ತಿದ್ದಾರೆ."

ಪೂವಪ್ಪನ ಕಾಲು ನಿಂತಿತು. ಬಾಗಿಲಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದಿದ್ದ ಉಮಾವತಿ ಬೇಡ ಎಂದು ತಲೆಯಾಡಿಸಿದಳು. ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಕೆಲಸದ ಬಗ್ಗೆ ಅಲ್ಲ, ಹೆತ್ತ ಮಗಳಿಂದ ಬಚ್ಚಿಟ್ಟದ್ದಕ್ಕೆ.

"ಮಡಿವಾಳ," ಎಂದ. ಸ್ವರ ತನಗೇ ಕೇಳಿಸಲಿಲ್ಲ ಅನಿಸಿತು. ಬಟ್ಟೆ ರೆಡಿ ಎಂದು ಗಿರಾಕಿಗಳನ್ನು ಕೂಗುವ ಸ್ವರದಲ್ಲಿ ಮತ್ತೊಮ್ಮೆ ಹೇಳಿದ. "ಮಡಿವಾಳ! ನಾವೇ. ನಮ್ಮ ಕೈಯ ಮಡಿಬಟ್ಟೆ ಬಾರದೆ ಊರಲ್ಲಿ ದೈವದ ಕೋಲ ಆಗುದಿಲ್ಲ. ಹೇಳು ಅವರಿಗೆ."

"ನಾವಾ? ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ತಪ್ಪಾಯ್ತು ಮಗಾ."

ಅವಳು ಸಾಹೇಬರತ್ತ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು. ಅದರಲ್ಲಿ ಪೂವಪ್ಪನಿಗೆ ತಿಳಿದದ್ದು ಒಂದೇ ಶಬ್ದ. ಅದನ್ನು ಅವಳು ತಡವರಿಸದೆ ಹೇಳಿದ್ದಳು. ಆಮೇಲೆ ಚೀಲದಿಂದ ಫಾರ್ಮು ತೆಗೆದು, ಗೋಡೆಗೆ ಒತ್ತಿ ಹಿಡಿದು, ಖಾಲಿ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಅದನ್ನೇ ಬರೆದಳು.

"ನಾಳೆ ಜನ ಎಂತ ಹೇಳ್ತಾರೆ?" ಎಂದಳು ಉಮಾವತಿ.

"ಅಂಗಿ ತಂದುಕೊಟ್ಟು, ಬೇಗ ಕೊಡು ಮಾರಾಯ ಅಂತಾರೆ. ಇನ್ನೆಂತ?"

ಹೊರಡುವಾಗ ಸಾಹೇಬರು ತಮ್ಮ ಕಿರೀಟ ತೆಗೆಯಬೇಕೆಂದು ಕೇಳಿದರು. ಶಾಯಿ ಮಾಸುವಂಥದ್ದಲ್ಲ ಎಂದು ಹೇಳಿ ಪೂವಪ್ಪ ಅವರನ್ನು ಕಳಿಸಿದ.

ಮರುದಿನ ಬೆಳಿಗ್ಗೆ ಸಮವಸ್ತ್ರ ತೊಡಲು ಹೋದ ಹರಿಣಾಕ್ಷಿ ಕಾಲರಿನ ಒಳಗೆ ನೋಡಿದಳು. ಇಷ್ಟು ವರ್ಷ ಏನೂ ಇಲ್ಲದ ಜಾಗದಲ್ಲಿ ಸಣ್ಣದೊಂದು ಕಿರೀಟವಿತ್ತು.